ಮೂರು ಸಾವಿರದ ಬ್ಯಾಸ್ಕೆಟ್‌ಬಾಲ್ ಶೂ: ತಗೊಳ್ಳೋ ಮುಂಚೆ, ತಗೊಂಡ ಮೇಲೆ

ಶೂ ಕೊಳ್ಳೋಕೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಕಾಲು ಸ್ವಲ್ಪ ಊದಿರುತ್ತೆ, ಆಡುವಾಗಲೂ ಹಾಗೇ ತಾನೇ? ಆಟದ ದಪ್ಪ ಸಾಕ್ಸ್ ಜೇಬಲ್ಲಿರಲಿ.

ಶೂವನ್ನ ಒದ್ದೆ ಬಟ್ಟೆ ಹಿಂಡೋ ಹಾಗೆ ತಿರುಚಿ ನೋಡಿ. ನಡುಭಾಗ ಸಲೀಸಾಗಿ ತಿರುಗಿದ್ರೆ ವಾಪಸ್ ಇಟ್ಟುಬಿಡಿ. ಮಡಚಿದಾಗ ಬೆರಳಿನ ಬುಡದಲ್ಲಿ ಬಾಗಬೇಕು, ಮಧ್ಯದಲ್ಲಲ್ಲ.

ಅಸಲಿ ಪರೀಕ್ಷೆ ಧೂಳಿನದ್ದು. ನಾವು ಆಡೋದು ಮೈಸೂರಿನ ಒಂದು ಸಿಮೆಂಟ್ ಕೋರ್ಟಲ್ಲಿ; ಹೊಂಗೆ ಎಲೆ, ಮಣ್ಣು ಎಲ್ಲಾ ಅಲ್ಲೇ. ಕೋರ್ಟಿನ 28 ಮೀಟರ್ ಉದ್ದಕ್ಕೂ ಓಡಿ, ಬೇಸ್‌ಲೈನ್ (ಕೋರ್ಟಿನ ಕೊನೆಯ ಗೆರೆ) ಹತ್ರ ಗಕ್ಕನೆ ನಿಲ್ಲಿ. ಎಷ್ಟು ಜಾರಿದ್ರಿ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೀರಿ. ಈಗ ಒದ್ದೆ ಬಟ್ಟೆಯಲ್ಲಿ ಸೋಲ್ ಒರೆಸಿ, ಮತ್ತೆ ಓಡಿ. ಎರಡು ಗೆರೆ ನಡುವೆ ಒಂದು ಗೇಣು ವ್ಯತ್ಯಾಸ ಬಂದ್ರೆ, ಆ ಶೂ ಧೂಳಿಗೆ ಆಗಿಬರಲ್ಲ. ಆಮೇಲೆ ಡಿಫೆನ್ಸ್ ಸ್ಲೈಡ್, ಅಂದ್ರೆ ಎದುರಾಳಿಯನ್ನ ತಡೆಯುವಾಗ ಮಾಡೋ ಹಾಗೆ ಮಂಡಿ ಬಗ್ಗಿಸಿ ಪಕ್ಕಕ್ಕೆ ಸರಿಯೋದು: ಶೂ ನಿಂತು, ಒಳಗೆ ಪಾದ ಮಾತ್ರ ಪಕ್ಕಕ್ಕೆ ಸರಿದ್ರೆ ಲೇಸ್ ಬಿಗಿ ಮಾಡಿ ನೋಡಿ. ಆಗಲೂ ಸರಿದ್ರೆ ಕಣಕಾಲು ಉಳುಕೋದು ಖಂಡಿತ ಅಂತಲೇ ನನ್ನ ಲೆಕ್ಕ.

ಮೆತ್ತನೆ ರಬ್ಬರ್ ಹಿಡಿತ ಚೆನ್ನಾಗಿ ಕೊಡುತ್ತೆ, ಆದ್ರೆ ಸಿಮೆಂಟು ಅದನ್ನ ತೆಂಗಿನಕಾಯಿ ತುರಿದ ಹಾಗೆ ತುರಿಯುತ್ತೆ. ಮೊದಲ ದಿನವೇ ಸೋಲಿನ ಫೋಟೋ ತೆಗೆದಿಡಿ, 15 ದಿನಕ್ಕೊಮ್ಮೆ ಹೋಲಿಸಿ. ಹೆಬ್ಬೆರಳ ಕೆಳಗಿನ ಗೀರುಗಳೇ ಮೊದಲು ಮಾಯ ಆಗೋದು. ನನ್ನ ಹಿಂದಿನ ಜೋಡಿಗೆ ಆರನೇ ವಾರಕ್ಕೆ ಮೂತಿ ಬಾಯಿಬಿಟ್ಟಿತ್ತು. ಬಸ್‌ಸ್ಟ್ಯಾಂಡ್ ಪಕ್ಕದ ರಿಪೇರಿಯವರು ಹೊಲಿದುಕೊಟ್ಟ ಮೇಲೆ ಇನ್ನೂ ನಾಲ್ಕು ತಿಂಗಳು ಬಂತು.