ಮನುಷ್ಯನ ಬೇರುಗಿಡಕ್ಕೆ ಇಲಿಯ ಕಸಿಕಡ್ಡಿ

ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಮಳೆ ಹಿಡಿಯುತ್ತಿದ್ದಂತೆ ಅಪ್ಪ ಅಪ್ಪೆಮಿಡಿಯ ಕಸಿ ಕಟ್ಟಲು ಕೂರುತ್ತಿದ್ದರು. ಕಾಟುಮಾವಿನ ಬೇರುಗಿಡದ ತಲೆ ಸವರಿ, ಸೀಳಿ, ಬೆಣೆಯಂತೆ ಕೆತ್ತಿದ ಕಡ್ಡಿಯನ್ನು ಅವರು ಕೂರಿಸಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಸುತ್ತುವುದು ನನ್ನ ಪಾಲಿನ ಕೆಲಸ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಓದಿ, ಮುಂದೆ ಬೆಂಗಳೂರಿನ ಪ್ರಯೋಗಾಲಯವೊಂದನ್ನು ಸೇರಿದಾಗ ನನಗೆ ಸಿಕ್ಕಿದ ಮೊದಲ ದೊಡ್ಡ ಕೆಲಸವೂ ಕಸಿಯೇ ಆಗಿತ್ತು: ಇಲಿಯ ಪ್ರತಿಕಾಯವೊಂದರ ಭಾಗಗಳನ್ನು ಮನುಷ್ಯನ ಪ್ರತಿಕಾಯಕ್ಕೆ ಕೂರಿಸುವುದು. ಪ್ರತಿಕಾಯವೆಂದರೆ ಮೈಗೆ ಹೊರಗಿನದೆನಿಸಿದ ಗುರಿಯನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನು.

ಪ್ರತಿಕಾಯ ತಯಾರಿಸುವ ಇಲಿಯ ಗುಲ್ಮದ ಕೋಶಗಳನ್ನು ಮೈಲೋಮಾ ಎಂಬ ಕ್ಯಾನ್ಸರಿನ, ಸದಾ ಬೆಳೆಯುವ ಕೋಶಗಳೊಂದಿಗೆ ಬೆಸೆದು ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ಪಡೆಯುವ ದಾರಿಯನ್ನು ವಿಜ್ಞಾನಿಗಳಾದ ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ತೋರಿಸಿದ್ದರು. ಆದರೆ ಇಲಿಯ ಪ್ರೋಟೀನನ್ನು ನಮ್ಮ ಮೈ ಪರಕೀಯವೆಂದು ಗುರುತಿಸಿ ಅದರ ವಿರುದ್ಧವೇ ಪ್ರತಿಕಾಯ ತಯಾರಿಸುತ್ತದೆ. ಮೂತ್ರಪಿಂಡ ಬದಲಾಯಿಸಿಕೊಂಡವರಿಗಾಗಿ 1986ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಓಕೆಟಿ3 ಎಂಬ ಇಲಿ ಪ್ರತಿಕಾಯದ ಔಷಧವನ್ನು ಕಾಡಿದ್ದು ಇದೇ ತೊಡಕು. ಗುರಿಯನ್ನು ಹಿಡಿಯುವ ಕುಣಿಕೆಗಳನ್ನಷ್ಟೇ ಇಲಿಯಿಂದ ತೆಗೆದು ಮನುಷ್ಯನ ಪ್ರತಿಕಾಯದ ಚೌಕಟ್ಟಿಗೆ ಕೂರಿಸಬಹುದೆಂದು ವಿಜ್ಞಾನಿ ಗ್ರೆಗ್ ವಿಂಟರ್ ಅವರ ತಂಡ ಅದೇ ವರ್ಷ ತೋರಿಸಿತು. ಪ್ರತಿಕಾಯವು ಅಮೈನೋ ಆಮ್ಲಗಳನ್ನು ಪೋಣಿಸಿದ ಎರಡು ಬಗೆಯ ಸರಪಳಿಗಳಿಂದಾದದ್ದು. ಭಾರದ ಸರಪಳಿಯಲ್ಲಿ ಮೂರು, ಹಗುರ ಸರಪಳಿಯಲ್ಲಿ ಮೂರು, ಒಟ್ಟು ಆರು ಕುಣಿಕೆಗಳು.

ಆರನ್ನೂ ಅಚ್ಚುಕಟ್ಟಾಗಿ ವರ್ಗಾಯಿಸಿದೆನೆಂಬ ಹೆಮ್ಮೆಯಲ್ಲಿ ಅಳೆದು ನೋಡಿದರೆ, ಹೊಸ ಪ್ರತಿಕಾಯ ಗುರಿಗೆ ಅಂಟುತ್ತಲೇ ಇರಲಿಲ್ಲ ಎನ್ನಬೇಕು. ಮೂರು ವಾರ ನನ್ನ ಕ್ಲೋನಿಂಗಿನಲ್ಲೇ, ಅಂದರೆ ಡಿಎನ್‌ಎ ಜೋಡಿಸಿದ ಕೆಲಸದಲ್ಲೇ, ತಪ್ಪು ಹುಡುಕಿದೆ. ಅನುಕ್ರಮ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಬೇರುಗಿಡದ ಆಯ್ಕೆಯಲ್ಲಿ. ಭಾರದ ಸರಪಳಿಯ 71ನೇ ಸ್ಥಾನವು ಚೌಕಟ್ಟಿಗೆ ಸೇರಿದ್ದರೂ ಎರಡನೆಯ ಕುಣಿಕೆಗೆ ಒತ್ತಿ ನಿಂತು ಅದರ ಬಾಗು ಹೇಗಿರಬೇಕೆಂದು ನಿರ್ಧರಿಸುತ್ತದೆ. ಇಲಿಯಲ್ಲಿ ಅಲ್ಲಿ ಅಲನೈನ್ ಎಂಬ ಪುಟ್ಟ ಅಮೈನೋ ಆಮ್ಲವಿತ್ತು, ನಾನು ಆರಿಸಿದ ಮಾನವ ಚೌಕಟ್ಟಿನಲ್ಲಿ ಉದ್ದ ಬಾಲದ ಆರ್ಜಿನೈನ್ ಇತ್ತು. ಈ ಸಂಗತಿ 1990ರಷ್ಟು ಹಿಂದೆಯೇ ಪ್ರಕಟವಾಗಿತ್ತು, ನಾನು ಓದಿರಲಿಲ್ಲ ಅಷ್ಟೆ.

ಚೌಕಟ್ಟಿನಲ್ಲಿ ಹೀಗೆ ಅನುಮಾನವಿದ್ದ ಏಳೂ ಸ್ಥಾನಗಳನ್ನು ಒಮ್ಮೆಗೇ ಇಲಿಯದಕ್ಕೆ ಮರಳಿಸಿಬಿಡೋಣ ಎಂದು ಸಹೋದ್ಯೋಗಿಯೊಬ್ಬರು ಅವಸರಿಸಿದರು. ಹಾಗೆ ಮಾಡಿದರೆ ಯಾವುದು ಬೇಕಿತ್ತು, ಯಾವುದು ಬೇಕಿರಲಿಲ್ಲ ಎಂದು ಎಂದಿಗೂ ತಿಳಿಯದು, ಇಲಿಯ ಅಂಶವೂ ಸುಮ್ಮನೆ ಹೆಚ್ಚುತ್ತದೆ ಎಂಬುದು ನನ್ನ ವಾದ. ಒಂದೊಂದನ್ನೇ ಬದಲಿಸಿದೆ. 71ನ್ನು ಅಲನೈನಿಗೆ ಮರಳಿಸಿದ್ದೇ ಹಿಡಿತ ಬಹುಪಾಲು ಹಿಂದಿರುಗಿತು; ಹಗುರ ಸರಪಳಿಯ ಇನ್ನೊಂದು ಸ್ಥಾನ ಉಳಿದುದನ್ನು ತುಂಬಿತು. ಮಿಕ್ಕ ಐದಕ್ಕೆ ಕೈ ಹಚ್ಚಲಿಲ್ಲ. ಆ ರಜೆಯಲ್ಲಿ ಊರಿಗೆ ಬಂದು ಸಂಭ್ರಮದಿಂದ ವಿವರಿಸಿದಾಗ ಅಪ್ಪ ಕೇಳಿದ್ದು ಒಂದೇ: "ಚಿಗುರಿದ್ದು ಕಡ್ಡಿಯೋ, ಬೇರುಗಿಡವೋ, ಸರಿಯಾಗಿ ನೋಡಿದೆಯಾ?"

ನೋಡಿರಲಿಲ್ಲ. ಹೊಸ ಚೌಕಟ್ಟು ತಾನಾಗಿಯೇ ಎಲ್ಲದಕ್ಕೂ ಅಂಟುತ್ತಿದೆಯೇ ಎಂದು ಪರೀಕ್ಷಿಸಲು, ಕುಣಿಕೆಗಳನ್ನು ಬದಲಿಸಿದ ಪ್ರತಿಕಾಯವೊಂದನ್ನು ಜೊತೆಗಿಟ್ಟು ಸಂಬಂಧವಿಲ್ಲದ ಪ್ರೋಟೀನುಗಳ ಮೇಲೆಯೂ ಅಳೆಯಬೇಕಿತ್ತು. ಮರಳಿದ ವಾರವೇ ಅಳೆದೆ. ಗುರಿಯನ್ನು ಹಿಡಿದಿದ್ದು ಕುಣಿಕೆಗಳೇ. ಆದರೆ ಬಾಳಿಕೆ ನೋಡಲೆಂದು 40 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟ ಮಾದರಿಯಲ್ಲಿ ಎರಡನೆಯ ಕುಣಿಕೆಯ ಆಸ್ಪರಜಿನ್ ಎಂಬ ಅಮೈನೋ ಆಮ್ಲ, ಪಕ್ಕದಲ್ಲಿ ಗ್ಲೈಸಿನ್ ಎಂಬ ಇನ್ನೊಂದು ಇದ್ದ ಕಾರಣ, ಆಸ್ಪಾರ್ಟಿಕ್ ಆಮ್ಲವಾಗಿ ಬದಲಾಗುತ್ತಿರುವುದು ಕಂಡಿತು. ಆಸ್ಪರಜಿನ್ ಮುಟ್ಟಿದರೆ ಹಿಡಿತ ಕುಸಿಯುತ್ತಿತ್ತು; ಗ್ಲೈಸಿನನ್ನು ಅಲನೈನ್ ಮಾಡಿದೆ, ಹಿಡಿತ ತುಸು ತಗ್ಗಿದರೂ ಬದಲಾವಣೆ ಬಹುಮಟ್ಟಿಗೆ ನಿಂತಿತು. ಆ ರೂಪವನ್ನೇ ಹ್ಯಾಮ್‌ಸ್ಟರ್ ಕೋಶಗಳಲ್ಲಿ ಉತ್ಪಾದಿಸುವ ತಂಡಕ್ಕೆ ಒಪ್ಪಿಸಿದೆ.