ರಿಪೋರ್ಟ್‌ನಲ್ಲಿ 1.6, ಕಿಡ್ನಿಯಲ್ಲಿ ಕಲ್ಲು

ಆ ತಾಯಿ ಲಗ್ಗೆರೆಯಿಂದ ಎರಡು ಬಸ್ ಹತ್ತಿ ಇಳಿದು ಬಂದಿದ್ದರು. ಬ್ಯಾಗಿನಿಂದ ಮಗುವಿನ ಒಂದು ಲಂಗೋಟಿ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. "ನಮ್ಮತ್ತೆ ಇದು ರಕ್ತ ಅಂತಾರೆ ಮೇಡಂ. ಮುಟ್ಟಿದ್ರೆ ಮರಳಿನ ಥರ ಇದೆ, ನೋಡಿ." ಬೆರಳಲ್ಲಿ ಉಜ್ಜಿ ನೋಡಿದೆ. ಹೌದು, ಕಿತ್ತಳೆ ಬಣ್ಣದ ನುಣ್ಣನೆ ಮರಳು. ಹುಡುಗನಿಗೆ ಒಂದೂವರೆ ವರ್ಷ. ಇನ್ನೂ ಕೂರುತ್ತಿರಲಿಲ್ಲ.

ಮೊದಲು ತೋರಿಸಿದ್ದ ಕಡೆ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪೋದು) ಅಂದಿದ್ದರಂತೆ. ಮೂತ್ರದಲ್ಲಿ ಹೊರಹೋಗೋ ಯೂರಿಕ್ ಆಸಿಡ್ ಅನ್ನೋ ಕಸದ ರಕ್ತಪರೀಕ್ಷೆ ಕೂಡ ಮಾಡಿಸಿದ್ದರು, 6.9. ಲ್ಯಾಬ್ ಹಾಕಿದ್ದ ಮಿತಿ ದೊಡ್ಡವರದು, 7. ಹಾಗಾಗಿ ಯಾರ ಕಣ್ಣಿಗೂ ಬೀಳಲಿಲ್ಲ. ಅಷ್ಟು ಚಿಕ್ಕ ಮಗುವಿಗೆ 6.9 ಜಾಸ್ತಿನೇ. ಅದೂ ಅಲ್ಲದೆ ಮಕ್ಕಳ ಕಿಡ್ನಿ ಯೂರಿಕ್ ಆಸಿಡನ್ನು ಚೆನ್ನಾಗಿ ಹೊರಗೆ ಹಾಕುತ್ತದೆ, ರಕ್ತ ನೋಡಿದರೆ ಮೋಸ ಹೋಗುತ್ತೇವೆ. ಮೂತ್ರ ಪರೀಕ್ಷೆಗೆ ಕಳಿಸಿದೆ. ಕ್ರಿಯಾಟಿನಿನ್‌ಗೆ (ಮೂತ್ರದಲ್ಲಿ ಅಳತೆಗೋಲಾಗಿ ಬಳಸೋ ಇನ್ನೊಂದು ಕಸ) ಹೋಲಿಸಿದರೆ ಯೂರಿಕ್ ಆಸಿಡ್ ಮೂರು ಪಟ್ಟು ದಾಟಿತ್ತು. ಲಂಗೋಟಿಯ ಮರಳು ಅದೇ. ಜೀನ್ ಟೆಸ್ಟ್‌ನಲ್ಲಿ ಲೆಶ್-ನೈಹಾನ್ ಅಂತ ಬಂತು. 1964ರಲ್ಲಿ ಲೆಶ್ ಮತ್ತು ನೈಹಾನ್ ವಿವರಿಸಿದ, ಯೂರಿಕ್ ಆಸಿಡ್ ಮಿತಿಮೀರಿ ಮಿದುಳಿಗೂ ತೊಂದರೆಯಾಗುವ ಹುಟ್ಟು ಕಾಯಿಲೆ. ಎಕ್ಸ್ ಕ್ರೋಮೋಸೋಮ್‌ನಲ್ಲಿ ಬರುವುದರಿಂದ ಹೆಚ್ಚುಕಮ್ಮಿ ಗಂಡುಮಕ್ಕಳಿಗೇ.

ಅವರಿಗೆ ನಾನು ಗುಜರಿ ಅಂಗಡಿಯ ಕತೆ ಹೇಳಿದೆ. ಮೈಯಲ್ಲಿ ಹಳೆ ಜೀವಕೋಶ ಒಡೆದು ಪ್ಯೂರಿನ್ ಅನ್ನೋ ಸಾಮಾನು ಬೀಳುತ್ತದೆ. ಎಚ್‌ಪಿಆರ್‌ಟಿ ಅನ್ನೋ ಕಿಣ್ವ ಅದನ್ನು ಆರಿಸಿ ಮತ್ತೆ ಬಳಕೆಗೆ ಕೊಡುತ್ತದೆ. ಈ ಹುಡುಗನಿಗೆ ಆ ಗುಜರಿಯವನೇ ಇಲ್ಲ. ಬಿದ್ದಿದ್ದೆಲ್ಲ ಯೂರಿಕ್ ಆಸಿಡ್ ಆಗುತ್ತದೆ. ಸಾಲದ್ದಕ್ಕೆ ಮೈ ಹೊಸ ಪ್ಯೂರಿನ್ ಕೂಡ ಜಾಸ್ತಿ ತಯಾರಿಸುತ್ತದೆ.

ಯೂರಿಕ್ ಆಸಿಡ್ ಇಳಿಸೋ ಅಲೋಪ್ಯೂರಿನಾಲ್ ಮಾತ್ರೆ ಶುರು ಮಾಡಿದೆ, ದಿನಕ್ಕೆ 100 ಮಿಲಿಗ್ರಾಂ. 4.2ಕ್ಕೆ ಇಳಿಯಿತು. ಅಲ್ಲಿಗೆ ನಿಲ್ಲಿಸಬೇಕಿತ್ತು. ನನಗೆ ಇನ್ನೂ ಇಳಿಸೋ ಆಸೆ. 200 ಮಾಡಿದೆ. ಮುಂದಿನ ರಿಪೋರ್ಟ್‌ನಲ್ಲಿ 1.6. ಎಷ್ಟು ಖುಷಿಯಾಯಿತು ಅಂದರೆ, ಮಗು ಎಷ್ಟು ನೀರು ಕುಡಿಯುತ್ತಿದೆ ಅಂತ ಕೇಳಲೇ ಇಲ್ಲ.

ಏಪ್ರಿಲ್‌ನಲ್ಲಿ ಹುಡುಗ ಕಾಲು ಮಡಚಿಕೊಂಡು ಎರಡು ದಿನ ಅತ್ತ. ಎಕ್ಸ್-ರೇಯಲ್ಲಿ ಏನೂ ಕಾಣಲಿಲ್ಲ, ಅಲ್ಟ್ರಾಸೌಂಡ್‌ನಲ್ಲಿ ಕಲ್ಲು ಸಿಕ್ಕಿತು. ಆಮೇಲೆ ಅದು ತಾನಾಗಿ ಲಂಗೋಟಿಗೆ ಬಿತ್ತು. ತಾಯಿ ಅದನ್ನು ಬೆಂಕಿಪೊಟ್ಟಣದಲ್ಲಿ ಹಾಕಿ ತಂದರು. ಪರೀಕ್ಷೆಗೆ ಕಳಿಸಿದರೆ ಬಂದಿದ್ದು ಯೂರಿಕ್ ಆಸಿಡ್ ಅಲ್ಲ, ಅದಾಗೋ ಮುಂಚಿನ ಹಂತದ ಕ್ಸಾಂಥೀನ್.

ಓದಿದ್ದ ವಿಷಯವೇ. ಅಲೋಪ್ಯೂರಿನಾಲ್ ಕೊನೆಯ ಬಾಗಿಲು ಮುಚ್ಚುತ್ತದೆ, ಸಾಮಾನು ಅದಕ್ಕೂ ಹಿಂದಿನ ಹಂತದಲ್ಲಿ ನಿಲ್ಲುತ್ತದೆ. ಬೇರೆಯವರಲ್ಲಾದರೆ ಅದರಲ್ಲಿ ಒಂದು ಪಾಲು ಗುಜರಿಗೆ ವಾಪಸ್ ಹೋಗುತ್ತದೆ. ಇವನಲ್ಲಿ ಎಲ್ಲ ಮೂತ್ರಕ್ಕೇ. ಕ್ಸಾಂಥೀನ್ ಯೂರಿಕ್ ಆಸಿಡ್‌ಗಿಂತ ಕಷ್ಟಪಟ್ಟು ಕರಗುತ್ತದೆ. ಪೊಟ್ಯಾಶಿಯಂ ಸಿಟ್ರೇಟ್ ಸಿರಪ್ ಕೊಟ್ಟು ಮೂತ್ರದ ಪಿಎಚ್ (ಹುಳಿಯ ಅಳತೆ) 6.5ರಿಂದ 7ರ ಒಳಗೆ ಇಟ್ಟರೆ ಯೂರಿಕ್ ಆಸಿಡ್ ಕರಗುತ್ತದೆ, ಕ್ಸಾಂಥೀನ್ ಅದಕ್ಕೆ ಹೆಚ್ಚು ಜಗ್ಗಲ್ಲ. ಅದಕ್ಕೆ ನೀರು ಜಾಸ್ತಿ, ಮಾತ್ರೆ ಕಡಿಮೆ, ಇದೇ ದಾರಿ. (ಯೂರಿಕ್ ಆಸಿಡನ್ನು ಮೂತ್ರಕ್ಕೆ ತಳ್ಳುವ ಪ್ರೊಬೆನೆಸಿಡ್ ಥರದ ಔಷಧವನ್ನಂತೂ ಇಲ್ಲಿ ಮುಟ್ಟಬಾರದು.)

ಮಾತ್ರೆಯನ್ನು 100ಕ್ಕೆ ವಾಪಸ್ ತಂದೆ. ನೀರು ದಿನಕ್ಕೆ ಒಂದೂವರೆ ಲೀಟರ್ ಅಂತ ಚೀಟಿಯಲ್ಲಿ ಬರೆದೆ. ಬರೆಯೋದು ಸುಲಭ, ಅಲ್ವಾ? ಈ ಮಕ್ಕಳಿಗೆ ನುಂಗೋದೇ ಕಷ್ಟ. ಬರೀ ನೀರು ಕೊಟ್ಟರೆ ನೆತ್ತಿಗೆ ಹತ್ತುತ್ತಿತ್ತು. ದಾರಿ ಹುಡುಕಿದ್ದು ತಾಯಿಯೇ. ರಾಗಿ ಸರಿಯನ್ನು ತೆಳ್ಳಗೆ ಕಾಯಿಸಿ, ಚಮಚದಿಂದ ಜಾರೋ ಹದಕ್ಕೆ ತಂದು, ಗಂಟೆಗೊಮ್ಮೆ ಸಣ್ಣ ಸ್ಟೀಲ್ ಲೋಟದಲ್ಲಿ ಕೊಡುತ್ತಿದ್ದರು. ಪ್ರತಿ ಲೋಟಕ್ಕೂ ಕ್ಯಾಲೆಂಡರ್ ಮೇಲೆ ಒಂದು ಗೀಟು. ರಾತ್ರಿ ಮೂತ್ರ ಗಟ್ಟಿಯಾಗುತ್ತದೆ ಅಂದಿದ್ದಕ್ಕೆ ಎರಡು ಗಂಟೆಗೆ ಅಲಾರಾಂ ಇಟ್ಟು ಎದ್ದು ಕುಡಿಸಿದರು.

ಎಲ್ಲ ಕಿಣ್ವದ ಕಾಯಿಲೆಗೂ ಮದ್ದು ಇದೇ ಅಲ್ಲ. ನನ್ನ ಹತ್ತಿರ ಬರುವ ಇನ್ನೊಂದು ಹುಡುಗಿಗೆ ವಾನ್ ಗಿರ್ಕೆ ಕಾಯಿಲೆ, ಲಿವರ್‌ನಲ್ಲಿ ಕೂಡಿಟ್ಟ ಸಕ್ಕರೆ ರಕ್ತಕ್ಕೆ ಬಿಡುಗಡೆಯಾಗಲ್ಲ. ಅವಳಿಗೆ ಸಕ್ಕರೆ ಇಳಿದಾಗಲೇ ಯೂರಿಕ್ ಆಸಿಡ್ ಏರೋದು. ಹಸಿ ಕಾರ್ನ್‌ಫ್ಲೋರ್ ನೀರಿಗೆ ಕದಡಿ ಹೊತ್ತುಹೊತ್ತಿಗೆ ಕುಡಿಸಿದ ಮೇಲೆ ಮುಕ್ಕಾಲು ಸಮಸ್ಯೆ ಇಳಿಯಿತು. ಕಾಯಿಸಿದರೆ ಅಷ್ಟು ಹೊತ್ತು ತಡೆಯಲ್ಲ, ಹಸಿಯಾಗೇ ಇರಬೇಕು.

ಲಗ್ಗೆರೆ ಹುಡುಗ ಮೂರನೇ ವರ್ಷಕ್ಕೆ ತುಟಿ, ಬೆರಳು ಕಚ್ಚಿಕೊಳ್ಳಲು ಶುರು ಮಾಡಿದ. "ಮಾತ್ರೆ ಜಾಸ್ತಿ ಮಾಡಿದ್ರೆ ನಿಲ್ಲುತ್ತಾ ಮೇಡಂ?" ಅಂತ ಕೇಳಿದರು. ಇಲ್ಲ ಅಂದೆ. ಯೂರಿಕ್ ಆಸಿಡ್ ಇಳಿದರೆ ಕಿಡ್ನಿ ಉಳಿಯುತ್ತದೆ, ಕಚ್ಚೋದು ನಿಲ್ಲಲ್ಲ. ಅದು ಮೊದಲ ದಿನವೇ ಹೇಳಬೇಕಿದ್ದ ಮಾತು. ಈಗ ಕೈಗೆ ಅಪ್ಪನ ಕಾಲುಚೀಲ ಹಾಕುತ್ತಾರೆ. ಹಾಕಿದರೆ ನಗುತ್ತಾನೆ, ತೆಗೆದರೆ ಹೆದರಿ ಕೂಗುತ್ತಾನೆ.

ಈಗ ಐದು ವರ್ಷ. ಕಳೆದ ಅಲ್ಟ್ರಾಸೌಂಡ್‌ನಲ್ಲಿ ಕಲ್ಲಿರಲಿಲ್ಲ. ಯೂರಿಕ್ ಆಸಿಡ್ 4ರ ಆಸುಪಾಸು, ನಾನು ಅದನ್ನು ಮುಟ್ಟಲು ಹೋಗಿಲ್ಲ. ಮೊನ್ನೆ ತಾಯಿ ಫೋನ್ ಮಾಡಿದ್ದರು. "ಬಿಸಿಲು ಶುರುವಾಯ್ತು ಮೇಡಂ. ದಿನಕ್ಕೆ ಎರಡು ಲೋಟ ಜಾಸ್ತಿ ಮಾಡ್ಲಾ?"

ಮೂರು ಮಾಡಿ ಅಂದೆ.