ಐಚ್ಛಿಕ ವಿಷಯವಾಗಿ ಪಹಣಿ ಓದಿಸಿದೆ: ನನ್ನ ಅನುಭವ

ನಮ್ಮ ಕಾನೂನು ಕಾಲೇಜಿನಲ್ಲಿ ಕಂದಾಯ ಕಾನೂನನ್ನು ಐಚ್ಛಿಕವಾಗಿ ಇಟ್ಟರೆ ಒಬ್ಬ ವಿದ್ಯಾರ್ಥಿಯೂ ಹೆಸರು ಕೊಡುವುದಿಲ್ಲ ಎಂದು ನನಗೆ ಹೇಳಿದವರಲ್ಲಿ ಪ್ರಾಂಶುಪಾಲರಿದ್ದರು, ವಕೀಲರ ಸಂಘದ ಹಿರಿಯರಿದ್ದರು, ಜೊತೆಯಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕ ಮಿತ್ರರೂ ಇದ್ದರು. ಕಳೆದ ವರ್ಷ 30 ಸ್ಥಾನಗಳಿಗೆ 70ರ ಹತ್ತಿರ ಅರ್ಜಿ ಬಂದವು. ಹಾಗಾಗಿ ಈಗ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕಾಲೇಜು, ಹನ್ನೊಂದರಿಂದ ನ್ಯಾಯಾಲಯ ಎಂದು ಸುಮಾರು ಇಪ್ಪತ್ತು ವರ್ಷ ಓಡಾಡಿದವನು ನಾನು. ನನ್ನ ಕೈಗೆ ಬರುವ ಸಿವಿಲ್ ಪ್ರಕರಣಗಳಲ್ಲಿ ಹತ್ತಕ್ಕೆ ಏಳು ಜಮೀನಿನವೇ. ಬಾರ್ ಕೌನ್ಸಿಲ್‌ನ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ಐಚ್ಛಿಕ ಪತ್ರಿಕೆಗಳ 7 ಗುಂಪುಗಳಿವೆ, ಅವುಗಳಲ್ಲಿ ಕನಿಷ್ಠ 6 ಪತ್ರಿಕೆಗಳನ್ನು ಓದಬೇಕು ಎಂಬುದು ನಿಮಗೆ ಗೊತ್ತೇ ಇದೆ. ‘ಕಾನೂನು ಮತ್ತು ಕೃಷಿ’ ಅವುಗಳಲ್ಲಿ ಒಂದು ಪೂರ್ತಿ ಗುಂಪು. ಭೂ ಕಾನೂನು, ಕೃಷಿ ಸಾಲ, ಬೆಳೆ ವಿಮೆ, ಕೃಷಿ ಮಾರುಕಟ್ಟೆ ಎಲ್ಲವೂ ಅದರೊಳಗೆ ಬರುತ್ತವೆ. ರೈತರ ಮಕ್ಕಳೇ ತುಂಬಿರುವ ನಮ್ಮ ಕಾಲೇಜಿನಲ್ಲಿ ಈ ಗುಂಪಿನ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಸಂಯೋಜಿತ ಕಾಲೇಜುಗಳ ಪಾಡು ಹೀಗೆ: ವಿಷಯಗಳ ಪಟ್ಟಿ ಮೇಲಿನ ವಿಶ್ವವಿದ್ಯಾಲಯದಿಂದ ಬರುತ್ತದೆ, ಅದರಲ್ಲಿ ಯಾವ ವಿಷಯಕ್ಕೆ ಪಾಠ ಮಾಡುವವರಿದ್ದಾರೋ ಅದು ಮಾತ್ರ ತರಗತಿಗೆ ಇಳಿಯುತ್ತದೆ. ಬೌದ್ಧಿಕ ಆಸ್ತಿ ಕಾನೂನಿನಲ್ಲಿ ಒಳ್ಳೆಯ ಅಂಕ ತೆಗೆದ ಹುಡುಗ ಹೊರಗೆ ಬಂದ ಮೇಲೆ ತನ್ನ ತಾತನ ಮ್ಯುಟೇಷನ್ (ಜಮೀನಿನ ಹಕ್ಕು ಬದಲಾವಣೆಯ ದಾಖಲೆ) ಓದಲಾರದೆ ನನ್ನ ಕಚೇರಿಯಲ್ಲಿ ನಿಲ್ಲುವುದನ್ನು ಮತ್ತೆ ಮತ್ತೆ ಕಂಡಿದ್ದೇನೆ. ಅದು ನನ್ನನ್ನು ಬಹಳ ಕಾಡಿತು.

ಪಟ್ಟಿಗೆ ಹೊಸ ವಿಷಯ ಸೇರಿಸಿ ಎಂದು ಪತ್ರ ಬರೆದು ಕಾದದ್ದು ವ್ಯರ್ಥವಾಯಿತು. ಬಾಗಿಲು ತೆರೆದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ. ಮೌಲ್ಯವರ್ಧಿತ ಕೋರ್ಸ್ ಎಂದು ಲೆಕ್ಕಕ್ಕೆ ಬರಬೇಕಾದರೆ ಕನಿಷ್ಠ 30 ಗಂಟೆಗಳ ಪಾಠ ಇರಬೇಕು, ಕಾಲೇಜಿಗೆ ಅಂಥವು ಬೇಕಿದ್ದವು. ನಾನು 36 ಗಂಟೆಗಳ ಯೋಜನೆ ಬರೆದುಕೊಟ್ಟೆ. ಐಚ್ಛಿಕ, ಅಂಕಪಟ್ಟಿಯಲ್ಲಿ ಸೇರುವುದಿಲ್ಲ, ಪ್ರಮಾಣಪತ್ರ ಮಾತ್ರ. ‘ಅಂಕವಿಲ್ಲದ ಪಾಠಕ್ಕೆ ಯಾರು ಬರುತ್ತಾರೆ ಸರ್?’ ಎಂಬ ಪ್ರಶ್ನೆ ಅಂದಿನಿಂದಲೇ ಶುರುವಾಯಿತು.

ಮೊದಲ ವರ್ಷ ಕೇಳಿದವರ ಮಾತೇ ನಿಜವಾಯಿತು. ನಲವತ್ತಕ್ಕೂ ಹೆಚ್ಚು ಹೆಸರುಗಳು ಬಂದಿದ್ದವು, ಮುಗಿಯುವಾಗ ಎಂಟೋ ಒಂಬತ್ತೋ ಉಳಿದಿದ್ದರು. ಶನಿವಾರ ಮಧ್ಯಾಹ್ನದ ತರಗತಿಯೆಂದರೆ ಸಾಗರ, ಹೊಸನಗರದ ಕಡೆಯ ಮಕ್ಕಳು ಗಡಿಯಾರ ನೋಡುತ್ತಲೇ ಕೂರುತ್ತಾರೆ, ಬಸ್ ತಪ್ಪಿದರೆ ಊರು ಸೇರುವುದಿಲ್ಲ. ಭೂ ಕಂದಾಯ ಅಧಿನಿಯಮದಲ್ಲಿ ಹಕ್ಕು ದಾಖಲೆಗೆ ಸಂಬಂಧಿಸಿದ 128, 129, 133, 136ನೇ ಕಲಮುಗಳನ್ನು ವರಸೆಯಾಗಿ ಪಾಠ ಮಾಡಿದ ಆ ಕ್ರಮವೂ ನಿಲ್ಲಲಿಲ್ಲ. ಎರಡನೆಯ ವರ್ಷ ನಿವೃತ್ತ ತಹಶೀಲ್ದಾರರನ್ನೂ ಸರ್ವೆ ಇಲಾಖೆಯವರನ್ನೂ ಕರೆಸಿದೆ. ತರಗತಿ ತುಂಬಿತು, ಕಥೆಗಳನ್ನು ಎಲ್ಲರೂ ಬಾಯಿಬಿಟ್ಟುಕೊಂಡು ಕೇಳಿದರು. ಕೊನೆಯಲ್ಲಿ ಕೈಬರಹದ ಒಂದು ಹಳೆಯ ಪಹಣಿ (ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆ) ಹಂಚಿ, ಮಾಲೀಕರು ಯಾರು ಎಂದು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಂದಿ 12ನೇ ಕಾಲಂನಲ್ಲಿದ್ದ ಸಾಗುವಳಿದಾರನ ಹೆಸರು ಬರೆದರು. ಮಾಲೀಕರ ಹೆಸರಿರುವ 9ನೇ ಕಾಲಂ ಎಂಬುದು ಅವರ ಕಣ್ಣಿಗೇ ಬಿದ್ದಿರಲಿಲ್ಲ.

ಉಪನ್ಯಾಸವನ್ನು ಬಿಟ್ಟದ್ದು ಅಲ್ಲಿಂದಲೇ. ಮೂರನೆಯ ವರ್ಷ ಪ್ರತಿ ವಿದ್ಯಾರ್ಥಿಗೆ ಒಂದು ಕಡತ ಕೊಟ್ಟೆ. ಅದರಲ್ಲಿ ಹಳೆಯ ಮತ್ತು ಹೊಸ ಪಹಣಿ, ಮ್ಯುಟೇಷನ್ ಪ್ರತಿ, ಆಕಾರ್‌ಬಂದ್ (ವಿಸ್ತೀರ್ಣ ಮತ್ತು ಕಂದಾಯದ ಸರ್ವೆ ದಾಖಲೆ), ಟಿಪ್ಪಣಿ (ಅಳತೆಯ ಮೂಲ ದಾಖಲೆ), 11ಇ ನಕ್ಷೆ (ಮಾರುವ ಭಾಗದ ಅಳತೆ ನಕ್ಷೆ), ಕ್ರಯಪತ್ರಗಳು, ಋಣಭಾರ ಪತ್ರ (ಜಮೀನಿನ ನೋಂದಾಯಿತ ವ್ಯವಹಾರಗಳ ಪಟ್ಟಿ), ವಂಶವೃಕ್ಷ ಎಲ್ಲವೂ ಇರುತ್ತವೆ. ಹೆಸರು ಮತ್ತು ಸರ್ವೆ ನಂಬರ್‌ಗಳನ್ನು ಅಳಿಸಿ ಬೇರೆ ಹಾಕಿರುತ್ತೇನೆ. ಕೆಲಸ ಒಂದೇ: ಬ್ಯಾಂಕು ಈ ಜಮೀನಿನ ಮೇಲೆ ಸಾಲ ಕೊಡಬಹುದೇ ಎಂದು ಎರಡು ಪುಟದ ಕಾನೂನು ಅಭಿಪ್ರಾಯ ಬರೆಯುವುದು. ಕಲಮುಗಳನ್ನು ನಾನು ಹೇಳಿಕೊಡುವುದಿಲ್ಲ. ಕಡತ ಕೇಳಿದಾಗ ಅವರೇ ಹುಡುಕಿಕೊಂಡು ಹೋಗುತ್ತಾರೆ.

ಒಂದು ಕಡತದ ವಿಷಯ ಹೇಳುತ್ತೇನೆ. ಗೇಣಿ ಜಮೀನು, 1974ರ ಮಾರ್ಚ್ 1ರಂದು ಸರ್ಕಾರಕ್ಕೆ ನಿಹಿತವಾದದ್ದು, ಅಂದರೆ ಒಡೆತನ ಸರ್ಕಾರಕ್ಕೆ ಹೋದದ್ದು. ನಮೂನೆ 7ರಲ್ಲಿ ಅರ್ಜಿ ಕೊಟ್ಟ ಗೇಣಿದಾರನಿಗೆ ಭೂ ನ್ಯಾಯ ಮಂಡಳಿ 1981ರಲ್ಲಿ ಅಧಿಭೋಗದ ಹಕ್ಕು ಕೊಟ್ಟಿದೆ, ಹಕ್ಕಿನ ಪ್ರಮಾಣಪತ್ರವಾದ ನಮೂನೆ 10 ಕೂಡ ಆಗಿದೆ. ಅವನು 1990ರಲ್ಲಿ ಮಾರಿದ, ಕೊಂಡವನ ಮಗ 2009ರಲ್ಲಿ ಇನ್ನೊಬ್ಬರಿಗೆ ಮಾರಿದ. ಕೊನೆಯ ಖರೀದಿದಾರನ ಹೆಸರು 9ನೇ ಕಾಲಂನಲ್ಲಿ ನಿಚ್ಚಳವಾಗಿದೆ, ಸಾಲ ಮತ್ತಿತರ ಹೊಣೆ ಬರೆಯುವ 11ನೇ ಕಾಲಂ ಖಾಲಿ. 2022ರಲ್ಲಿ ಕುಳಿತು 30 ವರ್ಷದ ಋಣಭಾರ ಪತ್ರ ತೆಗೆದರೆ 1990ರ ಮಾರಾಟ ಅದರ ಹೊರಗೆ ಉಳಿಯುತ್ತದೆ. ಆ ತಂಡದಲ್ಲಿ ಬಹುತೇಕ ಎಲ್ಲರೂ ಸಾಲ ಕೊಡಬಹುದು ಎಂದರು. ಒಬ್ಬ ಹುಡುಗಿ ಮಾತ್ರ 10ನೇ ಕಾಲಂನ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಸಂಖ್ಯೆ ಹಿಡಿದು ಹಿಂದಕ್ಕೆ ಹೋಗಿ, ಮಂಡಳಿಯ ಆದೇಶದ ದಿನಾಂಕ ಮತ್ತು ಮಾರಾಟದ ದಿನಾಂಕ ಎರಡನ್ನೂ ಪಕ್ಕಪಕ್ಕ ಬರೆದಳು. ಭೂ ಸುಧಾರಣಾ ಅಧಿನಿಯಮದ 61ನೇ ಕಲಮಿನ ಪ್ರಕಾರ ಆದೇಶದಿಂದ 15 ವರ್ಷ ಮಾರುವಂತಿಲ್ಲ, ಮಾರಿದರೆ ಅದು ಅಸಿಂಧು, ಜಮೀನು ಸರ್ಕಾರಕ್ಕೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗು ಆಕೆ, ತರಗತಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಅಂದು ಅರ್ಧ ಗಂಟೆ ಬೋರ್ಡಿನ ಮುಂದೆ ನಿಂತು ವಿವರಿಸಿದಳು. ಶಾನುಭೋಗರ ಕೈಬರಹ ಬಿಡಿಸುವುದರಲ್ಲಿ ಇಂಥ ಮಕ್ಕಳೇ ಮುಂದೆ. ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತನಾಡುವವರು ಇವರ ಪಕ್ಕ ಬಂದು ಕೂತು ಕೇಳಿ ಬರೆದುಕೊಳ್ಳುವುದನ್ನು ನೋಡಿದಾಗ ನನಗೆ ಆದ ಸಂತೋಷ ಸಣ್ಣದಲ್ಲ.

ಒಂದೊಂದು ಕಡತಕ್ಕೂ ಒಂದು ದೋಷ ಇಟ್ಟಿರುತ್ತೇನೆ. ಒಂದರಲ್ಲಿ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ತಡೆಯುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಗೆ ಒಳಪಟ್ಟ ಮಂಜೂರಾತಿ, ಒಂದರಲ್ಲಿ ಬ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಸೇರಿಸಿಕೊಂಡ ವಿಸ್ತೀರ್ಣ, ಒಂದರಲ್ಲಿ ವಂಶವೃಕ್ಷದಲ್ಲಿ ಬಿಟ್ಟುಹೋದ ಮಗಳು. ದೋಷವನ್ನು ಯಾವ ದಾಖಲೆಯಲ್ಲಿ, ಎಷ್ಟನೆಯ ಪುಟದ ಹೊತ್ತಿಗೆ ಕಾಣುವಂತೆ ಇಡಬೇಕು ಎಂಬುದಕ್ಕೆ ನನ್ನದೇ ಒಂದು ಲೆಕ್ಕವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ. ಅದು ತಪ್ಪಿದರೆ ಕಡತ ಒಗಟಾಗುತ್ತದೆ ಇಲ್ಲವೇ ಹತ್ತು ನಿಮಿಷದಲ್ಲಿ ಮುಗಿಯುತ್ತದೆ ಎಂದಷ್ಟೇ ಹೇಳಬಲ್ಲೆ.

ಇನ್ನು ಹಣದ ಮಾತು. ಮೊದಲ ಎರಡು ವರ್ಷ ಕೋರ್ಸು ಉಚಿತವಾಗಿತ್ತು. ನಕಲು ಶುಲ್ಕ, ಜೆರಾಕ್ಸ್, ಅತಿಥಿಗಳ ಪ್ರಯಾಣ, ಊಟ ಎಲ್ಲ ಸೇರಿ ನನ್ನ ಜೇಬಿನಿಂದ ಹದಿನೆಂಟು ಇಪ್ಪತ್ತು ಸಾವಿರ ಹೋಗಿರಬೇಕು. ಕಾಲೇಜು ಮಂಜೂರು ಮಾಡಿದ 10,000ದಲ್ಲಿ ಕೈಗೆ ಬಂದದ್ದು ಆರು ಸಾವಿರದಷ್ಟು, ಅದೂ ಮರುವರ್ಷ. ಮೂರನೆಯ ವರ್ಷ 500 ರೂಪಾಯಿ ಶುಲ್ಕ ಇಟ್ಟೆ, ಕಡತ ಪೂರ್ತಿ ಮಾಡಿ ಒಪ್ಪಿಸಿದವರಿಗೆ 300 ವಾಪಸ್. ಬಡ ಮಕ್ಕಳ ಮೇಲೆ ಹೊರೆ ಎಂದು ಸಹೋದ್ಯೋಗಿಗಳು ಆಕ್ಷೇಪಿಸಿದರು. ಕೊಡಲಾಗದ ಐದಾರು ಮಂದಿಯ ಶುಲ್ಕವನ್ನು ನಾನೇ ಕಟ್ಟಿದೆ. ಆ ವರ್ಷ ನಡುವೆ ಬಿಟ್ಟು ಹೋದವರು ಇಬ್ಬರೋ ಮೂವರೋ ಅಷ್ಟೆ. ಬಿಟ್ಟಿ ಸಿಕ್ಕಿದ್ದಕ್ಕೆ ಹಾಜರಾತಿ ಇಲ್ಲ, ಮುನ್ನೂರು ವಾಪಸ್ ಬರುತ್ತದೆ ಎಂದರೆ ಕಡತ ತಾನಾಗಿ ಮುಗಿಯುತ್ತದೆ. ಕಡತ ಒಂದಕ್ಕೆ ಜೆರಾಕ್ಸ್ ಮತ್ತು ಬೈಂಡಿಂಗ್ ಸೇರಿ 90 ರೂಪಾಯಿ ಬೀಳುತ್ತದೆ, ಮರುವರ್ಷವೂ ಬಳಸಬಹುದು. ಹಳೆಯ ದಾಖಲೆಗಳನ್ನು ಅಭಿಲೇಖಾಲಯದಿಂದ ಬೇಗ ಪಡೆಯುವ ದಾರಿಯನ್ನು ನಿಮ್ಮ ತಾಲ್ಲೂಕಿನಲ್ಲಿ ನೀವೇ ಕಂಡುಕೊಳ್ಳಬೇಕು. ನಮ್ಮಲ್ಲಿ ಅರ್ಜಿ ಕೊಡುವ ವಾರ ಮತ್ತು ಅರ್ಜಿಯಲ್ಲಿ ಬರೆಯುವ ಒಂದು ವಾಕ್ಯ ಕೆಲಸ ಮಾಡಿದವು.

ನಡುವೆ ಬೇರೆ ಪ್ರಯೋಗಗಳೂ ನಡೆದವು. ಸ್ವಂತ ಮನೆಯ ಜಮೀನಿನ ಕಡತವನ್ನೇ ತರಲಿ ಎಂದು ಒಂದು ತಂಡಕ್ಕೆ ಹೇಳಿದ್ದೆ. ತಂದೆಯೂ ಅವರ ಅಣ್ಣತಮ್ಮಂದಿರೂ 2011ರಲ್ಲಿ ಮಾಡಿಕೊಂಡ ವಿಭಾಗಪತ್ರದಲ್ಲಿ ಸೋದರತ್ತೆಯರ ಹೆಸರಿಲ್ಲದ್ದನ್ನು ಒಬ್ಬ ಹುಡುಗ ಕಂಡು, ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದ ವಿನೀತಾ ಶರ್ಮಾ ಪ್ರಕರಣದ 2020ರ ತೀರ್ಪನ್ನು ಮನೆಯಲ್ಲಿ ಓದಿ ಹೇಳಿದ. ಮರುದಿನವೇ ಅವನ ತಂದೆ ನನಗೆ ಫೋನ್ ಮಾಡಿ, ‘ಮೇಷ್ಟ್ರೇ, ನಮ್ಮ ಮನೆ ಒಡೆಯುವ ಪಾಠ ಯಾಕೆ ಹೇಳಿಕೊಡುತ್ತೀರಿ?’ ಎಂದರು. ಅತ್ತೆಯರಿಗೆ ನ್ಯಾಯ ಸಿಗಬೇಕು ಎಂಬುದು ನನ್ನ ಗಟ್ಟಿ ನಿಲುವು, ಆದರೆ ಓದುವ ಹುಡುಗನನ್ನು ಆ ಜಗಳದ ನಡುವೆ ನಿಲ್ಲಿಸಬಾರದು. ಈಗ ಪಕ್ಕದ ತಾಲ್ಲೂಕಿನ ಕಡತಗಳನ್ನೇ ಕೊಡುತ್ತೇನೆ.

ಇದೇ ಕ್ರಮವನ್ನು ಪಟ್ಟಿಯಲ್ಲೇ ಇರುವ ವಿಮಾ ಕಾನೂನಿನ ಐಚ್ಛಿಕ ಪತ್ರಿಕೆಗೂ ಹಚ್ಚಿ ನೋಡಿದೆ. ತೀರ್ಪಾದ ಮೋಟಾರು ಅಪಘಾತ ಪರಿಹಾರದ ಕಡತಗಳನ್ನು ಕೊಟ್ಟು, ಸುಪ್ರೀಂ ಕೋರ್ಟಿನ ಸರಳಾ ವರ್ಮಾ ತೀರ್ಪಿನ ಗುಣಕ (ಮೃತರ ವಯಸ್ಸಿಗೆ ತಕ್ಕಂತೆ ವಾರ್ಷಿಕ ಆದಾಯದ ನಷ್ಟವನ್ನು ಗುಣಿಸುವ ಸಂಖ್ಯೆ) ಹಾಕಿ ಪರಿಹಾರ ಕಟ್ಟಿಸಿದೆ. ವಯಸ್ಸು 31ರಿಂದ 35 ಇದ್ದರೆ 16, 36ರಿಂದ 40 ಇದ್ದರೆ 15. ಅರ್ಧ ಮಾತ್ರ ಫಲಿಸಿತು. ಮಕ್ಕಳು ಗುಣಾಕಾರಕ್ಕೆ ಬಿದ್ದು, ಚಾಲಕನ ಪರವಾನಗಿ ಮತ್ತು ಪಾಲಿಸಿಯ ಷರತ್ತುಗಳನ್ನು ಓದುವುದನ್ನೇ ಬಿಟ್ಟರು. ಬ್ಯಾಂಕಿಂಗ್ ಕಾನೂನಿಗೆ ಮಾತ್ರ ಇದು ಚೆನ್ನಾಗಿ ಒಗ್ಗಿತು. ಸಾಲ ತೀರದಿದ್ದರೆ ಅಡವಿಟ್ಟ ಆಸ್ತಿಯನ್ನು ಬ್ಯಾಂಕೇ ವಶಪಡಿಸಿಕೊಳ್ಳಲು ಬಿಡುವ ಸರ್ಫೇಸಿ ಕಾಯ್ದೆಯ 31(ಐ) ಕೃಷಿ ಜಮೀನಿಗೆ ಕೊಡುವ ರಕ್ಷಣೆಯನ್ನು, ಭೂ ಪರಿವರ್ತನೆ ಆಗಿರುವ ಒಂದು ಕಡತ ಮತ್ತು ಆಗದಿರುವ ಒಂದು ಕಡತ ಇಟ್ಟು ಪಾಠ ಮಾಡಿದರೆ ಒಂದೇ ಗಂಟೆ ಸಾಕು.

ಲಿಂಗನಮಕ್ಕಿ ಅಣೆಕಟ್ಟಿನಿಂದ ಮುಳುಗಡೆಯಾದ ಕುಟುಂಬಗಳ ಜಮೀನಿನ ದಾಖಲೆಗಳನ್ನೂ ತರಗತಿಗೆ ತಂದೆ. 36 ಗಂಟೆಯೊಳಗೆ ಅದು ಹಿಡಿಯಲಿಲ್ಲ. ಜಮೀನು ಕಂದಾಯದ್ದೋ ಅರಣ್ಯದ್ದೋ ಎಂಬ ಪ್ರಶ್ನೆಗೇ ಎರಡು ವಾರ ಹೋಯಿತು. ಅರಣ್ಯ ಹಕ್ಕು ಕಾಯ್ದೆ ಪರಿಶಿಷ್ಟ ಪಂಗಡದವರಲ್ಲದವರಿಂದ ಕೇಳುವ 75 ವರ್ಷಗಳ ವಾಸದ ಪುರಾವೆಯನ್ನು ಅಣೆಕಟ್ಟಿನಿಂದ ಎಬ್ಬಿಸಿ ಕಳಿಸಿದವರು ಹೊಸ ಜಾಗದಲ್ಲಿ ಹೇಗೆ ತೋರಿಸಬೇಕು ಎಂದು ಒಬ್ಬ ಕೇಳಿದಾಗ ತರಗತಿಯೇ ಎದ್ದು ಕುಳಿತಿತು. ಅದಕ್ಕೆ ಬೇರೆಯೇ ಒಂದು ಐಚ್ಛಿಕ ಬೇಕು, ಆಸಕ್ತಿ ಇರುವ ನಾಲ್ಕೈದು ಮಂದಿಗೆ ಈಗ ಭಾನುವಾರ ಮನೆಯಲ್ಲೇ ಓದಿಸುತ್ತಿದ್ದೇನೆ.

ಫಲ ಏನು ಎಂದು ಕೇಳುವವರಿಗೆ: ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಏಳೆಂಟು ಮಂದಿ ಹಿರಿಯ ವಕೀಲರ ಕೈಕೆಳಗೆ ಬ್ಯಾಂಕುಗಳ ದಾಖಲೆ ಪರಿಶೀಲನೆ ಮಾಡುತ್ತಿದ್ದಾರೆ. ವರದಿ ಒಂದಕ್ಕೆ ಸಾವಿರದಿಂದ ಸಾವಿರದೈನೂರು ಸಿಗುತ್ತದೆ. ಸನ್ನದು ಪಡೆದ ಮೊದಲ ವರ್ಷವೇ ಕೊಠಡಿ ಬಾಡಿಗೆಯನ್ನು ತಾವೇ ಕಟ್ಟುವ ಕಿರಿಯ ವಕೀಲರು ನಮ್ಮ ಊರಿನಲ್ಲಿ ಮೊದಲು ಎಷ್ಟಿದ್ದರು? ಅಂದು ಬೇಡವೆಂದ ಹಿರಿಯರೊಬ್ಬರು ಈ ಸಲ ತಮ್ಮ ಮಗಳ ಹೆಸರನ್ನು ತಾವೇ ಬಂದು ಬರೆಸಿದರು.

ಕಡತದ ಒಳಪಟ್ಟಿ ಮತ್ತು ಅಭಿಪ್ರಾಯದ ಮಾದರಿ ನಮೂನೆಯನ್ನು ಕೇಳಿದ ಉಪನ್ಯಾಸಕರಿಗೆ ಕೊಡುತ್ತೇನೆ, ದೋಷಗಳ ಪಟ್ಟಿಯನ್ನು ಕೊಡುವುದಿಲ್ಲ. ಕರಾವಳಿಯ ಮಿತ್ರರು ಯಾರಾದರೂ ಮೂಲಗೇಣಿಯ (ಶಾಶ್ವತ ಗೇಣಿಯ) ಹತ್ತು ಕಡತಗಳನ್ನು ಕಟ್ಟಿಕೊಟ್ಟರೆ ನನ್ನ ಹತ್ತನ್ನು ಬದಲಿಗೆ ಕಳಿಸುತ್ತೇನೆ. 2011ರ ಮೂಲಗೇಣಿ ಕಾಯ್ದೆಯನ್ನು ನಮ್ಮ ಕಡೆಯ ದಾಖಲೆಗಳಿಂದ ಪಾಠ ಮಾಡಲು ಸಾಧ್ಯವಿಲ್ಲ.